ಬಿಗಿಯಾದ ಹಿಂಬಾಗಿಲು

ಜನವರಿ 6

ಕಡ್ಡಿಗೆ,

ಓದುತ್ತಿದ್ದೀಯಾ, ಇಲ್ಲ ಲಕೋಟೆ ಹರಿದು ನೋಡಿ ಜೇಬಿಗೆ ತುರುಕಿದೆಯಾ? ಎರಡು ಕಾಗದ ಬರೆದೆ. ಎರಡಕ್ಕೂ ನಿನ್ನಿಂದ ಒಂದು ಸಾಲು ಬರಲಿಲ್ಲ. ದಿನವಿಡೀ ಲೋಹಕ್ಕೆ ಲೋಹ ಬೆಸೆಯುವ ಕೈಗೆ ಒಂದು ಅಂಚೆಚೀಟಿ ಅಂಟಿಸಲು ಬರುವುದಿಲ್ಲವೇ? ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಒಂದು ಪುಟ ತುಂಬಿಸಲು ನನಗೆ ಒಂದು ಮಧ್ಯಾಹ್ನ ಹಿಡಿಯುತ್ತದೆ. ನೀನೋ ಹದಿನಾರು ವರ್ಷ ಓದಿದವಳು. ಮೊಮ್ಮಗಳು ಅಂತ ಬಿಟ್ಟಿದ್ದೇನೆ, ಬೇರೆ ಯಾರಾದರೂ ಆಗಿದ್ದರೆ ಇಷ್ಟು ಹೊತ್ತಿಗೆ ಬಸ್ಸು ಹತ್ತಿ ಬಂದು ನಿನ್ನ ಕಾರ್ಖಾನೆಯ ಬಾಗಿಲಲ್ಲಿ ನಿಂತು ಬೈಯುತ್ತಿದ್ದೆ.

ಫೋನ್ ಮಾಡು ಅನ್ನಬೇಡ. ನನ್ನ ಕಿವಿಗೆ ಕೇಳಿಸುವಷ್ಟು ಸದ್ದು ಮಾಡಿದರೆ ಫೋನಿನ ಮಾತು ಕೊಟ್ಟಿಗೆಯ ದನಕ್ಕೂ ಕೇಳಿಸುತ್ತದೆ. ಇದು ನನ್ನ ನಿನ್ನ ನಡುವಿನ ಮಾತು.

ವಿಷಯ ಇಷ್ಟು. ಗೋಧಿ ಸಾಗಿಸುವ ನಮ್ಮ ಉಕ್ಕಿನ ಟ್ರೈಲರಿನ ಕಾಲ ಮುಗಿಯಿತು. ವರ್ಷಗಟ್ಟಲೆ ಗೊಬ್ಬರ ಹೊತ್ತು ಅದರ ತಳ ತುಕ್ಕು ತಿಂದು ಜರಡಿಯಾಗಿದೆ. ಹೊಲದಿಂದ ಉಗ್ರಾಣದವರೆಗೆ ದಾರಿಯುದ್ದಕ್ಕೂ ಕಾಳು ಚೆಲ್ಲಿಕೊಂಡೇ ಹೋಗುತ್ತದೆ. ಪಕ್ಕದ ಮನೆಯ ಕೋಳಿಗಳು ನಮ್ಮ ಗೋಧಿ ತಿಂದು ಕೊಬ್ಬಿ, ನಾಯಿ ಬಂದರೂ ಓಡುವುದಿಲ್ಲ. ಹೊಸದು ಕೊಳ್ಳಲೇಬೇಕು. ನಿಮ್ಮಪ್ಪ ಅಲ್ಯೂಮಿನಿಯಂನದೇ ಆಗಬೇಕು ಎನ್ನುತ್ತಾನೆ. ನಿಮ್ಮ ಚಿಕ್ಕಪ್ಪ ಉಕ್ಕಿನದು ಬಿಟ್ಟರೆ ಬೇರೆ ಮಾತೇ ಬೇಡ ಎನ್ನುತ್ತಾನೆ. ಇಬ್ಬರೂ ಐವತ್ತರ ಆಸುಪಾಸಿನ ಗಂಡಸರು. ಹದಿನೈದು ದಿನದಿಂದ ಎದುರುಬದುರು ಊಟಕ್ಕೆ ಕೂತು "ಉಪ್ಪು ಈ ಕಡೆ ತಳ್ಳೋಕೆ ಹೇಳಮ್ಮ ಅವನಿಗೆ" ಎಂದು ನನ್ನ ಕೈಲಿ ಹೇಳಿಸುತ್ತಾರೆ. ನಿನ್ನ ಕಾರ್ಖಾನೆಯಲ್ಲೇ ಮಾಡಿಸುವುದು ಎಂಬುದೊಂದನ್ನು ಮಾತ್ರ ಇಬ್ಬರೂ ಒಪ್ಪಿದ್ದಾರೆ.

ಜಮೀನು ನನ್ನ ಹೆಸರಿನಲ್ಲಿದೆ, ಆರ್ಡರ್ ಕಾಗದಕ್ಕೆ ನನ್ನ ಸಹಿಯೇ ಬೇಕು. ಈ ತಿಂಗಳ ಇಪ್ಪತ್ತೈದರೊಳಗೆ ಸಹಿ ಬಿದ್ದರೆ ಮಾತ್ರ ಕೊಯ್ಲಿಗೆ ಮೊದಲು ಗಾಡಿ ಬರುತ್ತದಂತೆ. ಕಾಗದ ಕಪಾಟಿನ ಮೇಲಿದೆ. ದಿನಕ್ಕೆ ಹತ್ತು ಸಲ ನೋಡುತ್ತೇನೆ.

ಹೋದ ಕೊಯ್ಲಿನಲ್ಲಿ ಆಚೆ ಹೊಲದವರ ಡ್ರೈವರಿಗೆ ಏನಾಯಿತೆಂದು ನಿನಗೆ ಗೊತ್ತು. ಕಾಳು ಸುರಿಯಲು ಟ್ರೈಲರಿನ ಮುಂಭಾಗವನ್ನು ಮೇಲಕ್ಕೆತ್ತಿದ್ದ. ಅದು ಪಕ್ಕಕ್ಕೆ ಮಗುಚಿ ಟ್ರ್ಯಾಕ್ಟರನ್ನೂ ಎಳೆದುಕೊಂಡು ಬಿತ್ತು. ಅವನನ್ನು ಹೊರಗೆ ತೆಗೆಯಲು ಅರ್ಧ ದಿನ ಬೇಕಾಯಿತು. ತೆಗೆದಾಗ ಉಸಿರಿರಲಿಲ್ಲ. ಅವತ್ತಿನಿಂದ ನಿಮ್ಮಪ್ಪ ಗಾಡಿ ಹತ್ತಿದ ದಿನ ಅವನು ಬರುವ ತನಕ ಬಾಗಿಲಲ್ಲೇ ಕೂತಿರುತ್ತೇನೆ. ಎಷ್ಟು ಕಾಳು ಹಿಡಿಯುತ್ತದೆ, ಎಷ್ಟು ಹೊಳೆಯುತ್ತದೆ ಅದೆಲ್ಲ ನನಗೆ ಬೇಡ. ಯಾವುದನ್ನು ಕೊಂಡರೆ ನನ್ನ ಮಗ ಸಂಜೆ ತನ್ನ ಕಾಲಮೇಲೆ ನಡೆದು ಮನೆಗೆ ಬರುತ್ತಾನೆ, ಅಷ್ಟು ಹೇಳು.

ನಿನ್ನ ಅಜ್ಜಿ


ಜನವರಿ 14

ಅಜ್ಜಿಗೆ,

ಬೈದದ್ದೆಲ್ಲ ತಲುಪಿತು. ನಿನ್ನ ಹಿಂದಿನ ಎರಡು ಕಾಗದಗಳೂ ಬಂದಿದ್ದವು. ಉತ್ತರ ಬರೆಯಲು ಕುಳಿತಾಗಲೆಲ್ಲ ಒಂದು ಅಡ್ಡಿ ಬಂತು. ಅದು ಏನೆಂದು ಕೇಳಬೇಡ.

ನೇರವಾಗಿ ಹೇಳುತ್ತೇನೆ. ಉಕ್ಕು ಭಾರ. ನಮ್ಮ ಅಳತೆಯ ಟ್ರೈಲರು ಉಕ್ಕಿನದಾದರೆ ಖಾಲಿ ಇದ್ದಾಗಲೇ ಸುಮಾರು ಒಂದು ಟನ್ ಹೆಚ್ಚು ತೂಗುತ್ತದೆ. ಅಂದರೆ ಪ್ರತಿ ಸಲವೂ ಅಷ್ಟು ಗೋಧಿಯನ್ನು ಹೊಲದಲ್ಲೇ ಬಿಟ್ಟು ಹೋದ ಹಾಗೆ. ಉಕ್ಕು ತುಕ್ಕು ಹಿಡಿಯುತ್ತದೆ, ಆದರೆ ಎಲ್ಲಿ ಮುರಿದರೂ ಹತ್ತಿರದ ಯಾವ ವೆಲ್ಡರ್ ಬೇಕಾದರೂ ಬೆಸೆದುಕೊಡುತ್ತಾನೆ. ಅಲ್ಯೂಮಿನಿಯಂ ಹಗುರ, ತುಕ್ಕಿಲ್ಲ. ಆದರೆ ಅದರಲ್ಲಿ ಗೊಬ್ಬರ ತುಂಬಿದರೆ ಅದೇ ದಿನ ತೊಳೆಯಬೇಕು. ಇಲ್ಲದಿದ್ದರೆ ಉಕ್ಕಿನ ಬೋಲ್ಟು ಕೂತಿರುವಲ್ಲಿ ಒಳಗೊಳಗೇ ತಿನ್ನುತ್ತಾ ಹೋಗುತ್ತದೆ. ಬಿರುಕು ಬಿಟ್ಟರೆ ನಮ್ಮಂಥವರೇ ಬೇಕು, ಊರಿನ ವೆಲ್ಡರ್ ಕೈ ಹಾಕಿದರೆ ತೂತಾಗುತ್ತದೆ.

ಇನ್ನು ನೀನು ಕೇಳಿದ್ದು. ಎರಡೂ ಮಗುಚುತ್ತವೆ ಅಜ್ಜಿ. ಅಲ್ಯೂಮಿನಿಯಂನ ಚೌಕಟ್ಟು ಎತ್ತಿದಾಗ ಹೆಚ್ಚು ಬಳುಕುತ್ತದೆ. ಉಕ್ಕು ಒಂದು ತಪ್ಪನ್ನು ತಡೆದುಕೊಂಡರೂ ತಡೆದುಕೊಂಡೀತು, ಇದು ತಡೆದುಕೊಳ್ಳುವುದಿಲ್ಲ. ಆದ್ದರಿಂದ ಒಂದು ಸಂಗತಿ ನನಗೆ ಖಚಿತವಾಗಿ ತಿಳಿಯಬೇಕು. ಹಿಂಬಾಗಿಲಿನ ನಡುವೆ ಒಂದು ಕಿಂಡಿ ಇರುತ್ತದಲ್ಲ, ಶುರುವಿನಲ್ಲಿ ಕಾಳನ್ನು ಅದರಿಂದ ಬಿಡುವುದು ಸರಿಯೇ. ಆದರೆ ಟ್ರೈಲರನ್ನು ಅರ್ಧಕ್ಕಿಂತ ಮೇಲೆ ಎತ್ತುವ ಮೊದಲು ಲಿವರ್ ಎಳೆದು ಇಡೀ ಹಿಂಬಾಗಿಲನ್ನು ತೆರೆಯಲೇಬೇಕು. ತೆರೆಯದೆ ಎತ್ತಿದರೆ ಭಾರವೆಲ್ಲ ಮೇಲೇ ನಿಂತು ಯಾವುದಾದರೊಂದು ಪಕ್ಕಕ್ಕೆ ವಾಲುತ್ತದೆ. ಅಪ್ಪ ಪ್ರತಿ ಸಲವೂ ಬಾಗಿಲು ತೆರೆದೇ ಎತ್ತುವುದು ತಾನೇ? ಯಾರನ್ನೂ ಕೇಳಬೇಡ, ನೀನೇ ಹೋಗಿ ನೋಡಿ ಬರಿ.

ಹೌದಾದರೆ ಅಲ್ಯೂಮಿನಿಯಂ ತೆಗೆದುಕೊಳ್ಳಿ. ಅಪ್ಪನ ಮಾತೇ ಇರಲಿ.

ನಿನ್ನ ಕಡ್ಡಿ


ಜನವರಿ 20

ಕಡ್ಡಿಗೆ,

ನಿಮ್ಮಪ್ಪ ಟ್ರೈಲರ್ ಎತ್ತಲು ಶುರುಮಾಡಿದಾಗ ನೀನು ಹುಟ್ಟಿರಲಿಲ್ಲ. ಅವನು ಬಾಗಿಲು ತೆರೆಯುತ್ತಾನೋ ಇಲ್ಲವೋ ಎಂದು ಈಗ ನೀನು ನನ್ನನ್ನು ಬೇಹಿಗೆ ಕಳಿಸುತ್ತೀಯಾ? ತೆರೆಯುತ್ತಾನೆ. ಯಾವತ್ತಿನ ಹಾಗೆಯೇ ತೆರೆಯುತ್ತಾನೆ. ಆ ಮಾತು ಅಲ್ಲಿಗೆ ಬಿಡು.

ನಿನ್ನ ಕಾಗದದಲ್ಲಿ ಉಕ್ಕಿನ ವಿಷಯ ಇದ್ದಷ್ಟನ್ನು ನಿಮ್ಮ ಚಿಕ್ಕಪ್ಪನಿಗೆ ಓದಿ ಹೇಳಿದೆ. ಅವನು ಸುಮ್ಮನಾಗಲಿಲ್ಲ. ಹಳೆಯದು ಇಷ್ಟು ವರ್ಷ ದುಡಿಯಿತು, ಇನ್ನೊಂದು ಅಂಥದ್ದೇ ತಂದರೆ ಯಾರ ಗಂಟು ಹೋಗುತ್ತದೆ, ಅಣ್ಣ ಉಕ್ಕಿನ ಹೆಸರು ಎತ್ತಿದರೆ ಉರಿದುಬೀಳುವುದು ಏಕೆ ಎಂದು ಕೇಳಿದ. ಕೇಳಿದವನು ಅಣ್ಣನ ಮುಖ ನೋಡಲಿಲ್ಲ, ನನ್ನ ಮುಖ ನೋಡಿದ. ಅವನಿಗೆ ಊಟ ಮುಗಿಸಿ ಏಳು ಎಂದೆ. ಎದ್ದು ಹೋದ, ತಟ್ಟೆಯಲ್ಲಿ ಅರ್ಧ ಬಿಟ್ಟು. ನಿಮ್ಮಪ್ಪ ತನ್ನ ತಟ್ಟೆಯಲ್ಲಿ ಉಳಿದದ್ದನ್ನು ಉಂಡ.

ನಾನು ನಿನ್ನೆ ಸಹಿ ಹಾಕಿದೆ. ಅಲ್ಯೂಮಿನಿಯಂ. ಅಷ್ಟು ಓದಿದ ನೀನೇ ಹೇಳಿದ ಮೇಲೆ ನನ್ನದೇನಿದೆ. ನನ್ನ ಹೆಸರಿನ ಕೊನೆಯ ಅಕ್ಷರ ಗೆರೆಯಿಂದ ಆಚೆ ಹೋಯಿತು, ಕಾಗದ ತೆಗೆದುಕೊಂಡವನು ಪರವಾಗಿಲ್ಲ ಎಂದ.

ಒಂದು ಸಂಗತಿ ನೀನು ಬರೆಯಲಿಲ್ಲ. ಇದರ ಹಿಂಬಾಗಿಲೂ ಹಗುರವಿರುತ್ತದಲ್ಲವೇ? ಲಿವರ್ ಎಳೆಯಲು ಹಳೆಯದರಷ್ಟು ಬಲ ಬೇಡ ಅಲ್ಲವೇ? ಸುಮ್ಮನೆ ಕೇಳಿದೆ.

ಬಾಗಿಲು ಮಾತ್ರ ಬಿಗಿಯಾಗಿರಲಿ. ಒಂದು ಕಾಳು ದಾರಿಯಲ್ಲಿ ಬೀಳಬಾರದು. ಆ ಕೋಳಿಗಳ ಮುಖ ನೋಡಿದರೆ ನನಗೆ ಮೈ ಉರಿಯುತ್ತದೆ. ಬೇರೆ ಯಾರ ಕೈಗೂ ಕೊಡಬೇಡ, ಬಾಗಿಲನ್ನು ನೀನೇ ಕೂರಿಸು.

ಹಾಗೆಯೇ ನಿಮ್ಮಪ್ಪನಿಗೆ ತಲೆಯ ಮೇಲಿಂದ ಎಳೆದುಕೊಳ್ಳುವಂಥ ಅಂಗಿ ಎರಡು ಕಳಿಸು. ಗುಂಡಿ ಇರಬಾರದು. ತೋಳು ಸಡಿಲವಿರಲಿ.

ನಿನ್ನ ಅಜ್ಜಿ


ಫೆಬ್ರವರಿ 26

ಅಜ್ಜಿಗೆ,

ನಿಮ್ಮ ಟ್ರೈಲರು ಸಿದ್ಧವಾಗಿದೆ, ಈ ವಾರ ಹೊರಡುತ್ತದೆ. ಹಿಂಬಾಗಿಲಿನ ಕೆಲಸವನ್ನು ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಬೆಸುಗೆಯೂ ನನ್ನದೇ, ಜೋಡಣೆಯೂ ನನ್ನದೇ. ಸುತ್ತ ದಪ್ಪ ರಬ್ಬರಿನ ಪಟ್ಟಿ ಕೊಟ್ಟು, ಬಾಗಿಲು ಅದನ್ನು ಅಮುಕಿ ಕೂರುವ ಹಾಗೆ ಕೊಕ್ಕೆಗಳನ್ನು ಒಂದು ಸುತ್ತು ಹೆಚ್ಚೇ ಬಿಗಿದಿದ್ದೇನೆ. ನೀರು ತುಂಬಿಸಿ ಅರ್ಧ ಗಂಟೆ ಬಿಟ್ಟು ನೋಡಿದೆ, ಒಂದು ಹನಿ ಹೊರಗೆ ಬರಲಿಲ್ಲ. ನಮ್ಮ ಮೇಸ್ತ್ರಿ ಬಂದು ನೋಡಿ, ಇದು ಗೋಧಿಗೋ ಹಡಗಿಗೋ ಎಂದು ನಕ್ಕರು. ಕೋಳಿಗಳಿಗೆ ಇನ್ನು ಉಪವಾಸ ಎಂದು ಹೇಳಿಬಿಡು.

ಬಾಗಿಲಿನ ತೂಕ ಹಳೆಯದರ ಅರ್ಧವೂ ಇಲ್ಲ.

ಅಂಗಿ ಕಳಿಸಿದ್ದೇನೆ. ಆದರೆ ಅಪ್ಪನಿಗೆ ಗುಂಡಿಯಿಲ್ಲದ ಅಂಗಿ ಯಾಕೆ? ಕುತ್ತಿಗೆಯ ಗುಂಡಿಯನ್ನೂ ಬಿಡದೆ ಹಾಕಿಕೊಳ್ಳುವ ಮನುಷ್ಯ. ಏನಾದರೂ ಇದ್ದರೆ ಬರಿ ಅಜ್ಜಿ. ನೀನು ಸುಮ್ಮನೆ ಕೇಳಿದೆ ಅಂತ ಬರೆದದ್ದನ್ನು ನಾನು ಇಷ್ಟು ವರ್ಷದಲ್ಲಿ ಮೊದಲ ಸಲ ಓದಿದ್ದು. ನೀನು ಯಾವುದನ್ನೂ ಸುಮ್ಮನೆ ಕೇಳುವವಳಲ್ಲ.

ನಿನ್ನ ಕಡ್ಡಿ


ಮಾರ್ಚ್ 4

ಕಡ್ಡಿಗೆ,

ಗಾಡಿ ಬಂತು. ಕನ್ನಡಿಯ ಹಾಗಿದೆ. ಅಂಗಳದಲ್ಲಿ ಬಿಸಿಲು ಬಿದ್ದರೆ ಕಣ್ಣು ಬಿಡಲಾಗುವುದಿಲ್ಲ. ಇವತ್ತು ಶುಕ್ರವಾರ, ಸೋಮವಾರದಿಂದ ಕೊಯ್ಲು.

ಅಂಗಿ ಸರಿಯಾಗಿದೆ. ಯಾಕೆ ಎಂದು ಕೇಳಿದ್ದೀಯ. ಚಳಿ.

ಅಜ್ಜಿ


ಮಾರ್ಚ್ 8

ಅಜ್ಜಿ,

ಚಳಿಗೆ ಯಾರೂ ಸಡಿಲ ತೋಳು ಕೇಳುವುದಿಲ್ಲ. ಅಪ್ಪನ ಕೈಗೆ ಏನಾಗಿದೆ?

ನಾನು ಮುಚ್ಚಿಟ್ಟದ್ದನ್ನು ಮೊದಲು ಹೇಳುತ್ತೇನೆ. ಡಿಸೆಂಬರಿನಲ್ಲಿ ಅಪ್ಪ ನನಗೊಂದು ಕಾಗದ ಬರೆದಿದ್ದರು. ಅಜ್ಜಿ ನಿನ್ನನ್ನು ಕೇಳೇ ಕೇಳುತ್ತಾಳೆ, ಅಲ್ಯೂಮಿನಿಯಂ ಎಂದೇ ಹೇಳು, ನಾನು ಬರೆದದ್ದು ಅವಳಿಗೆ ತಿಳಿಯಬಾರದು ಎಂದು ಮಾತು ತೆಗೆದುಕೊಂಡಿದ್ದರು. ಸಲಕ್ಕೆ ಹೆಚ್ಚು ಕಾಳು ಹೋಗುತ್ತದೆ ಎಂಬುದೊಂದೇ ಕಾರಣ ಬರೆದಿತ್ತು. ನಿನಗೆ ಉತ್ತರ ಬರೆಯದೆ ತಡಮಾಡಿದ್ದು ಅದಕ್ಕೆ. ಕೊನೆಗೆ ಬರೆದಾಗಲೂ ಅಳೆದು ತೂಗಿ ಅಪ್ಪನ ಕಡೆಗೇ ವಾಲಿಸಿ ಬರೆದೆ. ಇವತ್ತು ಆ ಕಾಗದವನ್ನು ಮತ್ತೆ ತೆಗೆದು ನೋಡಿದೆ. ಅಕ್ಷರಗಳೆಲ್ಲ ಹಿಂದಕ್ಕೆ ವಾಲಿವೆ. ಟ್ರ್ಯಾಕ್ಟರಿನಲ್ಲಿ ಕೂತು ಬರೆದಿರಬೇಕು ಎಂದುಕೊಂಡಿದ್ದೆ. ಅದು ಎಡಗೈಯ ಬರಹ.

ಬಾಗಿಲು ಹಗುರವೇ ಹೌದು. ಆದರೆ ನೀನು ಬಿಗಿಯಾಗಿರಲಿ ಎಂದೆ, ನಾನು ಬಿಗಿದೆ. ರಬ್ಬರ್ ಹೊಸದಿರುವಷ್ಟು ದಿನ ಆ ಲಿವರ್ ಹಳೆಯದಕ್ಕಿಂತ ಗಟ್ಟಿ. ನಾನೇ ಎರಡೂ ಕೈ ಹಾಕಿ, ಕಾಲು ಒತ್ತಿ ಎಳೆಯಬೇಕಾಯಿತು. ಒಂದು ಕೈಯಲ್ಲಿ ಆಗುವ ಕೆಲಸವಲ್ಲ. ಚಿಕ್ಕಪ್ಪ ಜೊತೆಯಲ್ಲಿ ಇಲ್ಲದಿದ್ದರೆ ಗಾಡಿಯನ್ನು ಉಗ್ರಾಣಕ್ಕೆ ಒಯ್ಯಗೊಡಬೇಡ.

ಮನೆಗೆ ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ಅಪ್ಪನೇ ತೆಗೆದದ್ದು. ಎಲ್ಲ ಚೆನ್ನಾಗಿದೆ ಎಂದು ಹೇಳಿ ಇಟ್ಟುಬಿಟ್ಟರು. ನಿನ್ನನ್ನು ಕರೆಯಿರಿ ಎಂದರೆ ಮಲಗಿದ್ದಾಳೆ ಎಂದರು. ಬೆಳಗ್ಗೆ ಹನ್ನೊಂದಕ್ಕೆ ನೀನು ಮಲಗಿರುತ್ತೀಯಾ? ಕೊಯ್ಲಿನ ಸದ್ದಿನಲ್ಲಿ ಚಿಕ್ಕಪ್ಪ ಫೋನ್ ತೆಗೆಯಲಿಲ್ಲ.

ಕಡ್ಡಿ


ಮಾರ್ಚ್ 13

ಕಡ್ಡಿಗೆ,

ನಿಮ್ಮಪ್ಪ ಬದುಕಿದ್ದಾನೆ. ಮೈಮೇಲೆ ಒಂದು ಗೀರೂ ಇಲ್ಲ. ಅದನ್ನು ಮೊದಲು ಓದಿಕೋ, ಒಂದು ಲೋಟ ನೀರು ಕುಡಿ, ಆಮೇಲೆ ಉಳಿದದ್ದು ಓದು.

ನಿನ್ನ ಕಾಗದ ಬಂದದ್ದು ಶುಕ್ರವಾರ. ಇದು ನಡೆದದ್ದು ಬುಧವಾರ.

ಸೋಮವಾರ, ಮಂಗಳವಾರ ನಿಮ್ಮ ಚಿಕ್ಕಪ್ಪ ಉಗ್ರಾಣದ ತನಕ ಜೊತೆಗೆ ಹೋಗಿದ್ದ, ಬಾಗಿಲು ಅವನೇ ತೆರೆದ. ಬುಧವಾರ ಕೊಯ್ಲಿನ ಯಂತ್ರದ ಪಟ್ಟಿ ತುಂಡಾಗಿ ಅವನು ಹೊಲದಲ್ಲೇ ಉಳಿಯಬೇಕಾಯಿತು. ನಾನು ಒಬ್ಬನೇ ಹೋಗಿ ಬರ್ತೀನಿ ಎಂದ ನಿಮ್ಮಪ್ಪ. ನಾನು ಬುತ್ತಿ ಕಟ್ಟಿಕೊಂಡು ಹಿಂದೆಯೇ ನಡೆದೆ. ಯಾಕೆ ಹೋದೆ ಎಂದು ಕೇಳಬೇಡ. ಬುತ್ತಿ ಕೊಡಲು ಹೋಗಲಿಲ್ಲ.

ಉಗ್ರಾಣದ ಅಂಗಳದಲ್ಲಿ ಖಾಲಿ ಚೀಲಗಳ ರಾಶಿಯಿದೆಯಲ್ಲ, ಅದರ ಹಿಂದೆ ನಿಂತೆ. ನಿಮ್ಮಪ್ಪ ಟ್ರೈಲರನ್ನು ಕಾಳು ಸುರಿಯುವ ಗುಂಡಿಗೆ ಹಿಮ್ಮುಖವಾಗಿ ತಂದು ನಿಲ್ಲಿಸಿ ಕೆಳಗಿಳಿದ. ಎಡಗೈಯಲ್ಲಿ ಲಿವರ್ ಹಿಡಿದು ಎಳೆದ. ಅದು ಅಲ್ಲಾಡಲಿಲ್ಲ. ಬಲಗೈಯನ್ನು ಎಡಗೈಯಿಂದ ಎತ್ತಿ ಲಿವರಿನ ಮೇಲೆ ಇಟ್ಟ, ಬೇರೆ ಯಾರದೋ ವಸ್ತುವನ್ನು ಎತ್ತಿಟ್ಟ ಹಾಗೆ. ಅದು ಜಾರಿ ಬಿತ್ತು. ಭುಜ ಕೊಟ್ಟ. ಆಮೇಲೆ ಸುತ್ತ ಒಂದು ಸಲ ನೋಡಿದ, ಯಾರಾದರೂ ಕಂಡರೇನೋ ಎಂದು. ಯಾರೂ ಇಲ್ಲ ಅಂದುಕೊಂಡು ಕಿಂಡಿಯನ್ನಷ್ಟೇ ಸರಿಸಿ, ಟ್ರ್ಯಾಕ್ಟರ್ ಹತ್ತಿ, ಎತ್ತಲು ಶುರುಮಾಡಿದ.

ಬೆಳಗಿನ ಇಬ್ಬನಿಗೆ ಗೋಧಿ ಒದ್ದೆಯಾಗಿತ್ತು. ಕಿಂಡಿಯಿಂದ ಸಣ್ಣಗೆ ಇಳಿಯುತ್ತಿತ್ತು, ಟ್ರೈಲರ್ ಮಾತ್ರ ಏರುತ್ತಲೇ ಹೋಯಿತು. ಅರ್ಧ ಆಯಿತು. ಅರ್ಧ ದಾಟಿತು. ಒಂದು ಪಕ್ಕದ ಕಾಳು ಜಾರಿತು, ಇನ್ನೊಂದು ಪಕ್ಕದ್ದು ಗೋಡೆಗೆ ಅಂಟಿಕೊಂಡೇ ಉಳಿಯಿತು. ನೀನು ಬರೆದಿದ್ದೆಯಲ್ಲ ಬಳುಕುತ್ತದೆ ಎಂದು, ಆ ಬಳುಕನ್ನು ನಾನು ಕಣ್ಣಾರೆ ಕಂಡೆ. ಆ ಹೊಳೆಯುವ ಗೋಡೆ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿತು. ಈಚೆ ಕಡೆಯ ಚಕ್ರ ನೆಲ ಬಿಟ್ಟಿತು. ಚಕ್ರದ ಕೆಳಗೆ ಆಚೆಯ ಬಿಸಿಲು ಕಂಡಿತು.

ಕೂಗಿದರೆ ಇಂಜಿನ್ನಿನ ಸದ್ದಿಗೆ ಅವನಿಗೆ ಕೇಳಿಸುವುದಿಲ್ಲ. ನಾನು ಸುತ್ತಿ ಹೋಗಿ, ಅದು ವಾಲುತ್ತಿದ್ದ ಕಡೆಗೇ, ಅವನ ಕನ್ನಡಿಯಲ್ಲಿ ಕಾಣುವ ಹಾಗೆ ನಿಂತೆ. ಬಿದ್ದರೆ ನನ್ನ ಮೇಲೇ ಬೀಳಬೇಕು, ಹಾಗೆ.

ಅವನು ಎತ್ತುವುದನ್ನು ನಿಲ್ಲಿಸಿ, ಇಂಜಿನ್ನಿನ ಸದ್ದು ತಗ್ಗಿಸಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದ. ಮುಖ ಬೂದಿಯಂತಾಗಿತ್ತು.

"ಅಮ್ಮ, ಅಲ್ಲಿಂದ ಸರಿ."

"ನೀನು ಇಳಿಸು. ಆಮೇಲೆ ಸರೀತೀನಿ."

"ಬೀಳತ್ತಮ್ಮ ಅದು. ಕೈ ಮುಗೀತೀನಿ, ಸರಿ."

"ಯಾವ ಕೈ ಮುಗೀತೀಯೋ? ಇಳಿಸು ಮೊದಲು."

ಅವನು ಇಳಿಸಿದ. ಒಂದೊಂದು ಬೆರಳಿನಷ್ಟು ಇಳಿಸಿದ. ನಡುವೆ ಒಂದು ಸಲ ಅದು ನನ್ನ ಕಡೆಗೆ ಕುಲುಕಿತು, ಒಳಗಿನ ಕಾಳೆಲ್ಲ ದಡಬಡ ಸದ್ದು ಮಾಡಿ ಸರಿಯಿತು. ನಾನು ಕಣ್ಣು ಮುಚ್ಚಲಿಲ್ಲ. ಕಣ್ಣು ಮುಚ್ಚಿದರೆ ಅವನು ಕೈ ಬಿಟ್ಟಾನು ಎನ್ನಿಸಿತು. ಚಕ್ರ ನೆಲ ಮುಟ್ಟಿದ ಮೇಲೆ ಅವನು ಇಂಜಿನ್ ಆರಿಸಿ, ಕೆಳಗಿಳಿದು, ಮೆಟ್ಟಿಲ ಮೇಲೆ ಕುಳಿತ.

"ನಿಂಗೆ ಯಾವಾಗಿಂದ ಗೊತ್ತು?" ಎಂದು ಕೇಳಿದ.

"ಅಂಗೀನ ಗುಂಡಿ ಬಿಚ್ಚದೆ ತಲೆ ಮೇಲಿಂದ ತೆಗೆಯೋಕೆ ಶುರುಮಾಡ್ದಲ್ಲ, ಆವಾಗಿಂದ."

"ಅಂದ್ರೆ ನಾಕು ತಿಂಗ್ಳು. ನೀನು ನಾಕು ತಿಂಗ್ಳು ಬಾಯಿ ಮುಚ್ಕೊಂಡಿದ್ಯಾ?"

ಬುತ್ತಿ ಬಿಚ್ಚಿ ಅವನ ಮುಂದಿಟ್ಟೆ. ಅವನಿಗೆ ಹೇಳಲಾಗದ ಉತ್ತರವನ್ನು ನಿನಗೆ ಬರೆಯುತ್ತೇನೆ.

ನಿಮ್ಮಮ್ಮ ಹೋದ ಮೇಲೆ ಅವನ ಬಟ್ಟೆ ಒಗೆದು ಮಡಿಸುವವಳು ನಾನೇ. ಗುಂಡಿ ಹಾಕಿದಂತೆಯೇ ಅಂಗಿ ಒಗೆಯಲು ಬಿದ್ದಾಗ ಮೊದಲು ಸೋಮಾರಿತನ ಅಂದುಕೊಂಡೆ. ಆಮೇಲೆ ಅವನು ಬಲಗೈಯಲ್ಲಿ ಲೋಟ ಎತ್ತುವುದನ್ನು ಬಿಟ್ಟದ್ದು ಕಂಡಿತು. ಹೋದ ಬಾರಿ ಗೊಬ್ಬರ ತಂದಾಗ ಹಳೆಯ ಟ್ರೈಲರಿನ ಬಾಗಿಲು ತೆರೆಯಲಾಗದೆ ಕಿಂಡಿಯಿಂದಲೇ ಸುರಿದದ್ದೂ ಕಂಡಿತು. ಹೌದು, ನೀನು ಕೇಳುವ ಮೊದಲೇ ನೋಡಿದ್ದೆ. ತೆರೆಯುತ್ತಾನೆ ಎಂದು ನಿನಗೆ ಬರೆದದ್ದು ಸುಳ್ಳು. ತಿಳಿದೂ ತಿಳಿದೂ ಬರೆದ ಸುಳ್ಳು.

ನಿಮ್ಮ ತಾತನನ್ನು ಟ್ರ್ಯಾಕ್ಟರಿನಿಂದ ಇಳಿಸಿದವಳು ನಾನು. ನಿನಗೆ ಆಗ ಹನ್ನೆರಡು ವರ್ಷ. ಕಣ್ಣು ಮಂಜಾಗಿದ್ದರೂ ಓಡಿಸುತ್ತಿದ್ದರು. ಒಂದು ದಿನ ಕೆಲಸದವರೆಲ್ಲ ಎದುರಿಗಿದ್ದಾಗ, ಇಳಿ ಕೆಳಗೆ, ಯಾರನ್ನಾದರೂ ಕೊಂದು ಬರ್ತೀಯ ಎಂದೆ. ನಾನು ಆಡಿದ್ದು ಸರಿಯಾದ ಮಾತೇ. ಅವರು ಇಳಿದರು. ಕೀಲಿಕೈ ನನ್ನ ಕೈಗಿಟ್ಟು ಒಳಗೆ ಹೋದರು. ಅಂದಿನಿಂದ ಹೊಲದ ಕಡೆ ಮುಖ ಹಾಕಲಿಲ್ಲ, ಕೇಳಿದ್ದಕ್ಕೆ ಹ್ಞೂಂ ಉಹ್ಞೂಂ ಬಿಟ್ಟು ಬೇರೆ ಮಾತಿಲ್ಲ. ಇನ್ನೊಂದು ಕೊಯ್ಲು ಕಾಣಲಿಲ್ಲ. ಡಾಕ್ಟರು ಎದೆಯ ಕಾಯಿಲೆ ಎಂದರು. ಇರಬಹುದು.

ಅದೇ ಮಾತನ್ನು ಮಗನಿಗೆ ಆಡಲು ನನ್ನ ನಾಲಿಗೆ ಏಳಲಿಲ್ಲ. ಹಗುರ ಬಾಗಿಲು ಬಂದರೆ ಆ ಮಾತು ಆಡುವ ಅಗತ್ಯವೇ ಬೀಳದು ಎಂದುಕೊಂಡೆ. ಅವನೂ ಹಾಗೇ ಅಂದುಕೊಂಡಿದ್ದ. ಅವನು ನಿನ್ನ ಬಾಯಲ್ಲಿ ಹೇಳಿಸಿದ, ನಾನು ನಿನ್ನ ಹೆಸರು ಹೇಳಿ ಸಹಿ ಹಾಕಿದೆ. ಉಕ್ಕೋ ಅಲ್ಯೂಮಿನಿಯಮ್ಮೋ ಎಂದು ತಿಂಗಳಿಡೀ ಈ ಮನೆಯಲ್ಲಿ ಜಗಳವಾಡಿದ್ದು ಟ್ರೈಲರಿಗಾಗಿ ಅಲ್ಲ. ನಿನ್ನ ಚಿಕ್ಕಪ್ಪನೊಬ್ಬನೇ ಟ್ರೈಲರಿನ ವಿಷಯ ಮಾತಾಡಿದವನು, ಅವನನ್ನು ನಾನು ಊಟದ ನಡುವೆ ಎಬ್ಬಿಸಿದೆ.

ನೀನು ಬಾಗಿಲು ಬಿಗಿದೆ ಎಂದು ಮೂಲೆಯಲ್ಲಿ ಕೂತು ಅಳಬೇಡ. ಬಿಗಿ ಎಂದವಳು ನಾನು. ಆದರೆ ಡಿಸೆಂಬರಿನ ಆ ಕಾಗದವನ್ನು ಮುಚ್ಚಿಟ್ಟದ್ದಕ್ಕೆ ನಿನಗೆ ಬೈಗುಳ ಬಾಕಿ ಇದೆ, ಎದುರಿಗೆ ಸಿಕ್ಕಾಗ ಕೊಡುತ್ತೇನೆ.

ಈಗ ಇಲ್ಲಿಯ ಸ್ಥಿತಿ ಕೇಳು. ಗುರುವಾರದಿಂದ ನಿಮ್ಮ ಚಿಕ್ಕಪ್ಪ ಓಡಿಸುತ್ತಿದ್ದಾನೆ. ಉಗ್ರಾಣದಲ್ಲಿ ಇಬ್ಬರು ಹಿಡಿದು ಬಾಗಿಲು ತೆರೆಯುತ್ತಾರೆ. ನಿಮ್ಮಪ್ಪ ಹೊಲದಲ್ಲಿ ಯಂತ್ರದ ಪಕ್ಕ ನಿಂತಿರುತ್ತಾನೆ. ಊಟ ಮಾಡುತ್ತಾನೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ. ನಿನ್ನೆ ಕೇಳಿದ್ದಕ್ಕೆ ಹ್ಞೂಂ ಎಂದ. ಆ ಹ್ಞೂಂ ನನಗೆ ಗುರುತಿದೆ. ಇವತ್ತು ಬೆಳಗ್ಗೆ ಮಾತ್ರ ತಾನಾಗಿ ಒಂದು ಮಾತು ಆಡಿದ. ಕೆಳಗಿನ ಹೊಲದ ಗೋಧಿ ಮುಂದಿನ ತಿಂಗಳು ಮೊದಲ ವಾರಕ್ಕೆ ಬರುತ್ತದೆ, ಅಷ್ಟರಲ್ಲಿ ಕೈ ಸರಿಹೋಗುತ್ತದೆ, ಅದನ್ನು ನಾನೇ ಸಾಗಿಸುತ್ತೇನೆ ಎಂದ. ಬೇಡ ಎನ್ನಲು ಬಾಯಿ ತೆರೆದೆ. ಮುಚ್ಚಿದೆ. ಅವನು ನೋಡಿದ.

ಆದ್ದರಿಂದ ಇದು ನಿನ್ನ ಕೆಲಸ. ಸೀಟಿನಲ್ಲಿ ಕೂತೇ ಗುಂಡಿ ಒತ್ತಿ ತೆರೆಯುವ ಬಾಗಿಲು ಆಗುತ್ತದೋ ಇಲ್ಲವೋ ನಿಮ್ಮ ಮೇಸ್ತ್ರಿಯನ್ನು ಕೇಳು. ಆಗುವುದಾದರೆ ಅದನ್ನು ಕೂರಿಸುವ ತನಕ ನಿಮ್ಮಪ್ಪ ಆ ಸೀಟಿನಲ್ಲಿ ಕೂರಬಾರದು. ಆಗದಿದ್ದರೆ ಇನ್ನು ಯಾವತ್ತೂ ಕೂರಬಾರದು. ಎರಡರಲ್ಲಿ ಯಾವುದಾದರೂ ಸರಿ, ನಿನ್ನ ಊರಿನಲ್ಲಿ ದೊಡ್ಡ ಆಸ್ಪತ್ರೆಯಿದೆ, ಅವನ ಕೈ ಅಲ್ಲಿ ಯಾರಾದರೂ ನೋಡಬೇಕು. ಇಷ್ಟನ್ನೂ ಅವನ ಹೆಸರಿಗೆ, ಅವನು ಓದುವ ಹಾಗೆ ಬರಿ. ನನ್ನ ಹಾಗೆ ಬರೆಯಬೇಡ. ನಿಮ್ಮ ತಾತನಿಗೆ ನಾನು ಹೇಗೆ ಹೇಳಬೇಕಾಗಿತ್ತೋ ಹಾಗೆ ಬರಿ. ಅದು ಹೇಗೆಂದು ನನಗೆ ಗೊತ್ತಿಲ್ಲ, ಗೊತ್ತಿದ್ದರೆ ನಿನ್ನನ್ನು ಕೇಳುತ್ತಿರಲಿಲ್ಲ.

ಬಂದ ಕಾಗದವನ್ನು ಒಡೆಯದೆ ಅವನ ಎಡಗೈಗೆ ಕೊಡುತ್ತೇನೆ. ಅವನು ಓದಿ ಮುಗಿಸುವ ತನಕ ಎದುರಿಗೆ ಕೂತಿರುತ್ತೇನೆ, ಒಂದು ಮಾತೂ ಆಡುವುದಿಲ್ಲ.

ಈ ತಿಂಗಳಲ್ಲಿ ಇನ್ನು ಹದಿನೆಂಟು ದಿನವಿದೆ, ಅಂಚೆಗೆ ಮೂರ್ನಾಲ್ಕು ದಿನ ಬೇಕು. ರಜೆ ಸಿಗಲಿಲ್ಲ, ಕೆಲಸ ಹೆಚ್ಚಿತ್ತು, ಏನು ಬರೆಯಬೇಕೋ ತೋಚಲಿಲ್ಲ, ಯಾವುದನ್ನೂ ನಾನು ಕೇಳುವುದಿಲ್ಲ. ಮುಂದಿನ ತಿಂಗಳು ಹುಟ್ಟುವ ಮೊದಲು ನಿನ್ನ ಉತ್ತರ ಈ ಮನೆಯ ಬಾಗಿಲಿಗೆ ಬಂದಿರಬೇಕು.

ನಿನ್ನ ಅಜ್ಜಿ